ಹತ್ತಜ್ಜಿಯ ಸಾಕ್ಷಿ

"ಇಪ್ಪತ್ತಮೂರು ಮರ. ಇಪ್ಪತ್ತಮೂರಕ್ಕೂ ಹತ್ತು ಸೆಂಟಿಮೀಟರ್ ಜಾಸ್ತಿ," ಎಂದು ತಕ್ಕಡಿ ಮೇಡಂ ಕಾಗದವನ್ನು ಉಗ್ರಾಣದ ಮೇಜಿನ ಮೇಲೆ ಹರವಿದಳು. "ಒಂಬತ್ತಲ್ಲ, ಹನ್ನೊಂದಲ್ಲ. ಎಲ್ಲದಕ್ಕೂ ಹತ್ತೇ."

ಉಗ್ರಾಣವನ್ನೂ ಅಳೆಯುವ ತಂಡವನ್ನೂ ನೋಡಿಕೊಳ್ಳುವ ಮಿಲ್ಲಿನ ಅಕ್ಕ ಕಾಗದದ ಕಡೆ ನೋಡಲಿಲ್ಲ. ಮರಕ್ಕೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು.

ಬೆಳಿಗ್ಗೆ ಹನ್ನೊಂದು ಗಂಟೆ. ಮಧ್ಯಾಹ್ನ ಮೂರಕ್ಕೆ ಹೊರದೇಶದ ಪರೀಕ್ಷಕರು ಪರವಾನಗಿಗೆ ಸಹಿ ಹಾಕಬೇಕು, ಇಲ್ಲವೇ ಪೆನ್ನನ್ನು ಜೇಬಿಗಿಟ್ಟುಕೊಂಡು ವಿಮಾನ ಹತ್ತಬೇಕು. ಬೆಟ್ಟದ ಮೇಲಿನ ಹದಿನೇಳನೆಯ ಅಳತೆ ವೃತ್ತದಲ್ಲಿದ್ದ ಆ ಇಪ್ಪತ್ತಮೂರು ಮರಗಳ ಸುತ್ತಳತೆಯ ಅಂಕಿಗಳು ಸುಳ್ಳೆಂದು ಮೂರು ವಾರದ ಹಿಂದೆಯೇ ಗೊತ್ತಾಗಿತ್ತು. ಸುಳ್ಳು ಯಾರದೆಂದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ವಿಷಯ ಇಷ್ಟೇ. ಕಾಡು ಬೆಳೆದ ಹಾಗೆ ಮರದೊಳಗೆ ಇಂಗಾಲ ಸೇರುತ್ತದೆ. ಎಷ್ಟು ಸೇರಿತು ಎಂದು ನಾಲ್ಕು ಜನ ನಂಬುವ ಹಾಗೆ ಅಳೆದು ತೋರಿಸಿದರೆ, ಎಲ್ಲೋ ದೂರದ ಕಾರ್ಖಾನೆಗಳು ತಾವು ಬಿಟ್ಟ ಹೊಗೆಗೆ ಬದಲಾಗಿ ಆ ಕಾಡನ್ನು ಕಾಯುವ ಖರ್ಚು ಹೊರುತ್ತವೆ. ಈ ದೇಶದಲ್ಲಿ ಬೆಟ್ಟಕ್ಕೆ ಬರವಿರಲಿಲ್ಲ, ಮರಕ್ಕೂ ಬರವಿರಲಿಲ್ಲ. ಅಳೆಯುವವರು ಮಾತ್ರ ಹೊರಗಿನವರು. ಬರುತ್ತಿದ್ದರು, ಅಳೆಯುತ್ತಿದ್ದರು, ಅಂಕಿಗಳನ್ನು ಲ್ಯಾಪ್‌ಟಾಪಿನೊಳಗೆ ತುಂಬಿಕೊಂಡು ಹೋಗುತ್ತಿದ್ದರು. ನಮ್ಮ ಮರದ ಸುತ್ತಳತೆ ಎಷ್ಟೆಂದು ನಾವೇ ಅವರಿಗೆ ಪತ್ರ ಬರೆದು ಕೇಳಬೇಕಿತ್ತು.

ಆ ಪಾಡು ತಪ್ಪಲೆಂದೇ ಈ ಕಚೇರಿ ಹುಟ್ಟಿತ್ತು. ನಲವತ್ತು ಹೆಂಗಸರಿಗೆ ಮೂರು ವರ್ಷದ ತರಬೇತಿ. ಬೆಟ್ಟದ ಮೇಲೆ ಹಗ್ಗ ಹಿಡಿದು ಗುರುತು ಮಾಡಿದ ಮೂವತ್ತು ಅಳತೆಯ ವೃತ್ತಗಳು. ಇವತ್ತು ಸಹಿ ಬಿದ್ದರೆ ಈ ದೇಶದ ಮರವನ್ನು ಈ ದೇಶದವರೇ ಅಳೆಯಬಹುದು. ಬೀಳದಿದ್ದರೆ ಇನ್ನು ಏಳು ವರ್ಷ ಟೇಪು ಹೊರಗಿನ ಕಂಪನಿಯ ಕೈಯಲ್ಲಿ. ನಲವತ್ತು ಹೆಂಗಸರು ಮನೆಗೆ, ಅದೂ ಸುಳ್ಳು ಬರೆದವರೆಂಬ ಹಣೆಪಟ್ಟಿ ಹೊತ್ತು.

ತಕ್ಕಡಿ ಮೇಡಂಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹದಿನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವಳು. ಆಕೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಅಂಗಡಿಗಳ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ವ್ಯಾಪಾರಿಗಳು ಆಡಿಕೊಳ್ಳುತ್ತಿದ್ದರು. ಸ್ವಂತ ಅತ್ತೆಯ ತಮ್ಮನ ಅಂಗಡಿಯ ತಕ್ಕಡಿಯನ್ನೇ ಜಪ್ತಿ ಮಾಡಿದ್ದಳು. ಅತ್ತೆ ಮೂರು ತಿಂಗಳು ಮುಖ ಊದಿಸಿಕೊಂಡಿದ್ದರು, ನಾಲ್ಕನೆಯ ತಿಂಗಳಿಂದ ಅದನ್ನೇ ಅಕ್ಕಪಕ್ಕದ ಮನೆಯವರಿಗೆ ಹೇಳಿಕೊಂಡು ಬೀಗತೊಡಗಿದರು. ಎರಡು ತಿಂಗಳ ಹಿಂದೆ ನಿರ್ದೇಶಕರು ಬೆನ್ನು ಹತ್ತಿ ಅವಳನ್ನು ಪರಿಶೋಧಕಿಯಾಗಿ ಇಲ್ಲಿಗೆ ಕರೆತಂದ ಮೇಲಂತೂ ಅತ್ತೆಯನ್ನು ಹಿಡಿಯುವವರೇ ಇಲ್ಲ. "ನಮ್ಮ ಸೊಸೆ ಈಗ ಗಾಳಿ ತೂಗ್ತಾಳೆ" ಎಂದು ಹಾಲಿನವನಿಗೂ ಹೇಳಿಯಾಗಿತ್ತು.

ಹಾಗಾಗಿ ಆ ಹತ್ತು ಎಂಬ ಅಂಕಿ ಆಕೆಗೆ ನಿದ್ದೆ ಕೆಡಿಸಿತ್ತು. ನಿನ್ನೆ ತಾನೇ ಬೆಟ್ಟ ಹತ್ತಿ ಹದಿನೇಳನೆಯ ವೃತ್ತದ ಒಂದೊಂದು ಮರವನ್ನೂ ಅಳೆದು ಬಂದಿದ್ದಳು.

"ಬೇಕೂಂತ ಮೋಸ ಮಾಡೋನು ಮನಸ್ಸಿಗೆ ಬಂದಷ್ಟು ಸೇರಿಸ್ತಾನೆ ಅಕ್ಕ. ಒಂದಕ್ಕೆ ಆರು, ಇನ್ನೊಂದಕ್ಕೆ ಹದಿನೈದು. ಹೀಗೆ ಒಂದೇ ಸಮ ತಪ್ಪು ಬರೋದು ಅಂದ್ರೆ ತಕ್ಕಡೀನೇ ಕೆಟ್ಟಿರಬೇಕು. ಒಂದು ಟೇಪು ಕೊಡಿ ಇಲ್ಲಿ, ಯಾವುದಾದ್ರೂ ಸರಿ."

ಗೋಡೆಯ ಉದ್ದಕ್ಕೂ ಮೊಳೆಗಳಲ್ಲಿ ಇಪ್ಪತ್ತು ಹಳದಿ ಟೇಪುಗಳು ತೂಗುತ್ತಿದ್ದವು. ಎಲ್ಲವೂ ಹೊಸವು. ಕೊನೆಯ ಮೊಳೆಯಲ್ಲಿ ಮಾತ್ರ ಬಣ್ಣ ಮಾಸಿದ ಒಂದು ಹಳೆಯದು. ಅಕ್ಕನ ಕೈ ಇಪ್ಪತ್ತನ್ನೂ ದಾಟಿಕೊಂಡು ಹೋಗಿ ಆ ಹಳೆಯದನ್ನೇ ಎತ್ತಿಕೊಂಡು ಬಂತು.

ಮೇಡಂ ಅದರ ತುದಿ ಹಿಡಿದು ಎಳೆದಳು. ಬೆರಳು ತಾನಾಗಿಯೇ ನಿಂತಿತು. ತುದಿಯಲ್ಲಿ ಸೊನ್ನೆ ಇರಲಿಲ್ಲ. ಹತ್ತು ಎಂಬ ಗುರುತಿನ ಮೇಲೆಯೇ ಒಂದು ಹಿತ್ತಾಳೆಯ ಉಂಗುರವನ್ನು ಮೀನಿನ ಗಾಳದ ದಾರದಿಂದ ಬಿಗಿಯಾಗಿ ಹೊಲಿದಿದ್ದರು.

"ಇದರ ತಲೆ ಎಲ್ಲಿ ಹೋಯ್ತು?"

"ಜೀಪಿನ ಬಾಗಿಲು ತಿಂದುಹಾಕ್ತು ಮೇಡಂ. ಮೊದಲನೇ ವರ್ಷ."

ಆಮೇಲೆ ಅಕ್ಕ ಹೇಳಿದ ಕಥೆ ಹೀಗಿತ್ತು. ಕಚೇರಿ ಶುರುವಾದಾಗ ಹೊರಗಿನ ಕಂಪನಿ ಬಿಸಾಡಿದ ನಾಲ್ಕು ಟೇಪುಗಳೇ ಇವರ ಆಸ್ತಿ. ಮೂರು ಸವೆದುಹೋದವು. ನಾಲ್ಕನೆಯದರ ಮೊದಲ ಹತ್ತು ಸೆಂಟಿಮೀಟರ್ ಜೀಪಿನ ಬಾಗಿಲಿಗೆ ಸಿಕ್ಕಿ ಹರಿಯಿತು. ಹೊಸದು ಬೇಕೆಂದು ಕೊಟ್ಟ ಅರ್ಜಿ ಮೇಜಿಂದ ಮೇಜಿಗೆ ನಡೆದಾಡಿ ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಕೈಕಟ್ಟಿ ಕೂರುವ ಜಾತಿಯಲ್ಲ ಅಕ್ಕ. ಮರ ಕೊಯ್ಯುವ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದಿಮ್ಮಿ ಅಳೆದವಳು. ಹತ್ತರ ಗುರುತಿಗೆ ಉಂಗುರ ಹೊಲಿದಳು, ಎಲ್ಲರನ್ನೂ ಕೂರಿಸಿಕೊಂಡು ಒಂದೇ ಪಾಠ ಹೇಳಿದಳು: ಓದಿ, ಹತ್ತು ಕಳೆಯಿರಿ, ಆಮೇಲೆ ಕೂಗಿ.

ಆ ಎಂಟು ತಿಂಗಳು ಇಡೀ ತಂಡ ಕೈ ತಿದ್ದಿಕೊಂಡದ್ದು ಅದೇ ಟೇಪಿನಲ್ಲಿ. ಹೊಸವು ಬಂದ ಮೇಲೂ ಅದನ್ನು ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಹತ್ತಜ್ಜಿ ಎಂದು ಹೆಸರಿಟ್ಟು ಮೊಳೆಗೆ ಹಾಕಿದರು. ಹೊಸದಾಗಿ ಸೇರಿದವಳು ಮೊದಲ ದಿನ ಅಂಗಳದ ಮರವನ್ನು ಹತ್ತಜ್ಜಿಯಲ್ಲೇ ಅಳೆಯಬೇಕು. ಹತ್ತು ಕಳೆಯಲು ಮರೆತರೆ ನಲವತ್ತು ಜೊತೆ ಬೂಟನ್ನೂ ಒರೆಸಬೇಕು.

"ಎಷ್ಟು ಜನ ಒರೆಸಿದ್ದಾರೆ?"

"ಹನ್ನೊಂದು ಜನ. ಎರಡನೇ ಸಲ ಯಾರೂ ಒರೆಸಿಲ್ಲ."

ಹೇಳುವಾಗ ಅಕ್ಕನ ಕತ್ತು ಒಂದು ಬೆರಳಷ್ಟು ಮೇಲೆದ್ದಿತು. ಮೇಡಂ ಅದನ್ನು ನೋಡಿದಳು, ನೋಡಿ ಖುಷಿಪಟ್ಟಳು. ಹದಿನಾಲ್ಕು ವರ್ಷದಲ್ಲಿ ಎಷ್ಟೋ ತಕ್ಕಡಿಗಳನ್ನು ಕಂಡಿದ್ದಳು. ತಲೆ ಹರಿದ ಟೇಪಿನಲ್ಲಿ ಸರಿಯಾದ ಅಳತೆ ತೆಗೆಯುವ ಜನರನ್ನು ಕಂಡದ್ದು ಇದೇ ಮೊದಲು.

ಆಕೆಯ ತಲೆಯಲ್ಲಿ ಒಂದೊಂದೇ ಕೊಂಡಿ ಕೂಡತೊಡಗಿತು. ಹದಿನೇಳನೆಯ ವೃತ್ತದ ಕಾಗದದ ಹಾಳೆ ಕಡತದಿಂದ ಮಾಯವಾಗಿತ್ತು. ಕಂಪ್ಯೂಟರಿನಲ್ಲಿದ್ದ ಅಂಕಿಗಳು ಒಂದು ರಜೆ ದಿನದ ಸಂಜೆ ಸೇರಿದವು. ಆ ವಾರ ಹೊಸ ಟೇಪುಗಳೆಲ್ಲ ತಂಡಗಳ ಜೊತೆ ಬೆಟ್ಟದ ಆಚೆ ಮಗ್ಗುಲಿಗೆ ಹೋಗಿದ್ದವು. ಉಗ್ರಾಣದಲ್ಲಿ ಉಳಿದದ್ದು ಹತ್ತಜ್ಜಿ ಒಂದೇ. ಯಾರೋ ಆ ದಿನ ಅದನ್ನು ತೆಗೆದುಕೊಂಡು ಹೋಗಿ, ಹದಿನೇಳನ್ನು ಮತ್ತೆ ಅಳೆದಿದ್ದಾರೆ. ಹತ್ತು ಕಳೆದಿಲ್ಲ.

"ಹಾಗಾದ್ರೆ ಅಳೆದೋರು ನಿಮ್ಮ ನಲವತ್ತರಲ್ಲಿ ಒಬ್ಬರೂ ಅಲ್ಲ."

"ಮೂರು ವಾರದಿಂದ ನಾನು ಬಡ್ಕೊಳ್ತಿರೋದೂ ಅದನ್ನೇ ತಾನೇ."

"ಯಾರು ಅಂತ ನಿಮಗೆ ಗೊತ್ತಾ?"

ಅಕ್ಕ ಬಣ್ಣದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ತಿರುಗಿ ನಿಂತಾಗ ಮುಖದಲ್ಲಿ ಏನೂ ಇರಲಿಲ್ಲ.

"ನನ್ನ ಬಾಯಲ್ಲಿ ಕೇಳಬೇಡಿ ಮೇಡಂ. ನಾನು ಹೇಳಿದ್ರೆ ಅದು ಮಿಲ್ಲಿನ ಕೂಲಿಯವಳ ಮಾತು. ಅಳತೆ ಹೇಳಿದ್ರೆ ಯಾರೂ ಅಲ್ಲ ಅನ್ನೋಕಾಗಲ್ಲ. ಅದನ್ನೇ ಕೇಳಿ."

ಉಗ್ರಾಣಕ್ಕೆ ಮೂರು ಬೀಗದಕೈ. ಒಂದು ಅಕ್ಕನ ಸೊಂಟದಲ್ಲಿ. ಇನ್ನೊಂದು ಹೊರಗಿನ ಕಂಪನಿಯ ಪ್ರತಿನಿಧಿಯ ಬಳಿ, ಏಕೆಂದರೆ ಅವರ ಉಪಕರಣಗಳೂ ಅಲ್ಲೇ ಇದ್ದವು. ಬಿಸಿಲು ಎಷ್ಟೇ ಸುಡಲಿ ಕೋಟು ಬಿಚ್ಚದ ಆ ಮನುಷ್ಯನಿಗೆ ಹೆಂಗಸರು ಕೋಟಿನವರು ಎಂದು ಹೆಸರಿಟ್ಟಿದ್ದರು. ಹದಿನೇಳರ ಅಂಕಿ ಉಪಗ್ರಹದ ಚಿತ್ರಕ್ಕೆ ಹೊಂದುವುದಿಲ್ಲ ಎಂದು ಮೊದಲು ವರದಿ ಬರೆದವರೂ ಅವರೇ. ಪರವಾನಗಿ ತಪ್ಪಿದರೆ ಕೆಲಸ ಸಿಗುವುದೂ ಅವರ ಕಂಪನಿಗೇ.

ಮೂರನೆಯ ಬೀಗದಕೈ ನಿರ್ದೇಶಕರ ಕೋಣೆಯ ಗೋಡೆಯಲ್ಲಿ ತೂಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಂಕಿಗಳನ್ನು ಯಂತ್ರಕ್ಕೆ ಸೇರಿಸುವ ಕಂಪ್ಯೂಟರಿನವನು ಅದನ್ನು ಆಗಾಗ ತೆಗೆಯುವುದಿತ್ತು. ರಜೆ ದಿನ ತಾನು ಹೆಂಡತಿಯ ಅಣ್ಣನ ಮನೆಯಲ್ಲಿದ್ದೆ ಎಂದು ಅವನು ಹೇಳಿದ್ದ. ಹೌದೆನ್ನಲು ಹೆಂಡತಿಯ ಅಣ್ಣನನ್ನು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಹಾಗಾದರೆ ಇಬ್ಬರು. ಮೇಡಂ ಹತ್ತಜ್ಜಿಯನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು.

ಪರೀಕ್ಷಕರು ನೆರೆಗೂದಲಿನ, ಮಿತಭಾಷಿ ಮುದುಕರು. ಅತಿಥಿಗಳ ಕೋಣೆಯಲ್ಲಿ ಬಾಗಿಲು ಮುಚ್ಚಿ ಮೇಡಂ ಅವರಿಗೆ ಎಲ್ಲವನ್ನೂ ಹೇಳಿದಳು. ಅವರು ಉಂಗುರದ ಹೊಲಿಗೆಯನ್ನು ಕನ್ನಡಕ ಏರಿಸಿಕೊಂಡು ನೋಡಿದರು. ಮಾತಿನಲ್ಲಿ ನಂಬುವುದಿಲ್ಲ, ಕಣ್ಣೆದುರು ತೋರಿಸಿ ಎಂದಷ್ಟೇ ಹೇಳಿದರು. ಬೇರೆ ಯಾರಿಗೂ ಮೊದಲೇ ತಿಳಿಸಬಾರದು ಎಂಬ ಷರತ್ತನ್ನೂ ಹಾಕಿದರು. ಆಕೆಗೂ ಬೇಕಾದದ್ದು ಅದೇ.

ಎರಡು ಗಂಟೆಗೆ ಅಂಗಳ ತುಂಬಿತು.

ಸೂರಿನ ನೆರಳಿನಲ್ಲಿ ನಲವತ್ತು ಹೆಂಗಸರು ಸಾಲಾಗಿ ನಿಂತರು. ಒಂದೇ ಬಣ್ಣದ ಅಂಗಿ, ಮೊಣಕಾಲಿನವರೆಗೆ ಬೂಟು, ಜೋಡಿಗೊಬ್ಬಳ ಸೊಂಟದಲ್ಲಿ ಹಳದಿ ಟೇಪು. ಮೂರು ವರ್ಷದ ಹಿಂದೆ ಇವರಲ್ಲಿ ಒಬ್ಬಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು, ಒಬ್ಬಳು ಬಸ್ಸಿನ ಟಿಕೆಟ್ ಹರಿಯುತ್ತಿದ್ದಳು, ಇಬ್ಬರು ಮಿಲ್ಲಿನಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದರು. ಈಗ ಯಾವ ಮರವನ್ನು ತೋರಿಸಿದರೂ ಎಷ್ಟು ಸುತ್ತಳತೆ, ಎಷ್ಟು ಎತ್ತರ, ಎಷ್ಟು ಇಂಗಾಲ ಎಂದು ನಿಂತ ನಿಲುವಿನಲ್ಲಿ ಹೇಳಬಲ್ಲರು. ಮೂರು ವಾರದಿಂದ ಬೆಟ್ಟಕ್ಕೆ ಹೋಗಬೇಡಿ ಎಂದು ಕೂರಿಸಿದ್ದರೂ ಬೂಟುಗಳು ಹೊಳೆಯುತ್ತಿದ್ದವು. ಮೇಡಂ ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಇವರ ಹೆಸರಿಗೆ ಅಂಟಿದ ಮಸಿಯನ್ನು ಇವತ್ತು ತೊಳೆಯದಿದ್ದರೆ ತಾನು ಹಳೆಯ ಇಲಾಖೆಗೆ ಹೋಗಿ ತಕ್ಕಡಿಗೆ ಮುದ್ರೆ ಒತ್ತುತ್ತಾ ಕೂರುವುದೇ ಮೇಲು ಎಂದುಕೊಂಡಳು.

ಅಂಗಳದ ನಡುವೆ ಪಾಠದ ಮರ. ಎದೆಯೆತ್ತರದಲ್ಲಿ ಕೆಂಪು ಬಣ್ಣದ ಪಟ್ಟಿ. ಸುತ್ತಳತೆ ನೂರ ಹನ್ನೆರಡು ಎಂದು ಮೇಡಂ ಮೊದಲೇ ಹೊಸ ಟೇಪಿನಲ್ಲಿ ಅಳೆದು ಪರೀಕ್ಷಕರಿಗೆ ತೋರಿಸಿದ್ದಳು.

ಅವಳು ಹೇಳಿದ್ದು ಎರಡೇ ಮಾತು. ಕರೆದವರು ಬಂದು ಈ ಟೇಪಿನಲ್ಲಿ ಈ ಮರವನ್ನು ಅಳೆಯಬೇಕು. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಪರೀಕ್ಷಕರ ಕೈಗೆ ಕೊಡಬೇಕು, ಬಾಯಿ ಬಿಡಬಾರದು.

ಮೊದಲು ಕಂಪ್ಯೂಟರಿನವನು. ಮೂವತ್ತೈದರ ಆಸಾಮಿ, ಕುರ್ಚಿ ಬಿಟ್ಟು ಎದ್ದದ್ದೇ ಅಪರೂಪ. ಟೇಪನ್ನು ಮರಕ್ಕೆ ಸುತ್ತಲು ಹೋಗಿ ತನಗೇ ಸುತ್ತಿಕೊಂಡ. ಬಿಡಿಸಿಕೊಂಡು ಮತ್ತೆ ಸುತ್ತಿದ, ಹಿಂದುಮುಂದಾಗಿ. ಇಂಚಿನ ಬದಿ ಮೇಲೆ ಬಂತು. ಅದನ್ನೇ ಓದಿ ನಲವತ್ತೆಂಟು ಎಂದು ಬರೆದು, ಬೆವರು ಒರೆಸಿಕೊಂಡ. ಸೂರಿನ ಕೆಳಗೆ ಕಿಸಕ್ ಎಂಬ ಸದ್ದು ಹುಟ್ಟಿ ನಲವತ್ತು ಬಾಯಿಗಳಿಗೂ ಹರಡಿತು. ಇವನು ಬೆಟ್ಟ ಹತ್ತಿ ಇಪ್ಪತ್ತಮೂರು ಮರ ಅಳೆಯಬೇಕಾದರೆ ಮಳೆಗಾಲ ಒಂದು ಕಳೆದು ಇನ್ನೊಂದು ಬರಬೇಕು. ಮೇಡಂ ಮನಸ್ಸಿನಲ್ಲೇ ಅವನ ಹೆಸರಿಗೆ ಗೀಟು ಎಳೆದಳು.

ಉಳಿದವರು ಕೋಟಿನವರು.

"ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ?" ಎಂದು ಅವರು ಮೆತ್ತಗೆ ಕೇಳಿದರು.

"ಟೇಪನ್ನ ಪರೀಕ್ಷೆ ಮಾಡ್ತಿದ್ದೀನಿ."

"ಇಪ್ಪತ್ತೆರಡು ವರ್ಷದಿಂದ ಮರ ಅಳೆಯೋದೇ ನನ್ನ ಅನ್ನ ಮೇಡಂ. ನಿಮ್ಮ ಹೆಂಗಸರು ತಪ್ಪು ಅಂಕಿ ಬರೆದಿದ್ದಾರೆ, ನಾನು ಹಿಡಿದು ಹೇಳಿದೆ. ಅದಕ್ಕೆ ಈ ಶಿಕ್ಷೆ ಏನು?"

"ತಪ್ಪು ಅಂಕಿ ಅನ್ನೋದನ್ನ ನಾನೂ ಒಪ್ತೀನಿ. ನಮ್ಮ ಹೆಂಗಸರದು ಅನ್ನೋದನ್ನ ಒಪ್ಪಲ್ಲ. ಅವರದಲ್ಲ ಅಂದ್ರೆ ರಜೆ ದಿನ ಉಗ್ರಾಣದ ಬೀಗ ತೆಗೆದ ಯಾರದೋ ಆಗಿರಬೇಕು. ನಿಮ್ಮ ಹತ್ರ ಒಂದು ಬೀಗದಕೈ ಇದೆ."

ಕೋಟಿನವರ ದವಡೆ ಬಿಗಿಯಿತು. "ಇದನ್ನ ನೀವು ಬಹಳ ಯೋಚನೆ ಮಾಡಿ ಹೇಳ್ತಿದ್ದೀರಾ ಅಂದುಕೊಳ್ತೀನಿ."

"ಮೂರು ವಾರ ಯೋಚನೆ ಮಾಡಿದ್ದೀನಿ ಸರ್. ಅಳೆಯಿರಿ."

ಕೋಟಿನವರು ಪರೀಕ್ಷಕರ ಕಡೆ ನೋಡಿದರು. ಅಲ್ಲಿಂದ ಯಾವ ಆಸರೆಯೂ ಸಿಗಲಿಲ್ಲ. ಆಗ ಅವರು ಎರಡು ವರ್ಷದಲ್ಲಿ ಯಾರೂ ಕಾಣದ ಕೆಲಸವೊಂದನ್ನು ಮಾಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಒಳಗಿನ ಅಂಗಿಯ ತೋಳು ಎರಡು ಕಡೆ ತೇಪೆ ಹಾಕಿಸಿಕೊಂಡಿತ್ತು.

ಟೇಪು ಅವರ ಕೈಗೆ ಬಂದ ಕ್ಷಣವೇ ಹೆಬ್ಬೆರಳು ತುದಿಗೆ ಹೋಯಿತು. ಹೋಗಿ, ನಿಂತಿತು. ಉಂಗುರವನ್ನು ತಿರುಗಿಸಿ ಹೊಲಿಗೆಯನ್ನು ನೋಡಿದರು. ಹತ್ತರ ಗುರುತನ್ನು ಉಗುರಿನಿಂದ ಗೀರಿದರು. ಅವರ ತುಟಿಯ ಮೇಲೆ ಸಣ್ಣ ನಗೆ ಬಂತು. ಮರಕ್ಕೆ ಸುತ್ತಿದರು, ಓದಿದರು, ಚೀಟಿ ಬರೆದು ಮಡಚಿ ಕೊಟ್ಟರು.

ಪರೀಕ್ಷಕರು ಅದನ್ನು ಬಿಡಿಸಿ ಮೇಡಂ ಕಡೆ ಚಾಚಿದರು. ನೂರ ಹನ್ನೆರಡು.

"ತುದಿ ನೋಡದೆ ಟೇಪು ಹಿಡಿಯೋನು ಈ ಕೆಲಸಕ್ಕೆ ಬರಬಾರದು ಮೇಡಂ," ಎಂದರು ಕೋಟಿನವರು, ತಗ್ಗಿದ ದನಿಯಲ್ಲಿ. "ನೀವು ಏನು ಹುಡುಕ್ತಿದ್ದೀರಿ ಅಂತ ಈಗ ಗೊತ್ತಾಯ್ತು. ಹದಿನೇಳನ್ನ ಅಳೆದೋನಿಗೆ ಈ ಹತ್ತು ಗೊತ್ತಿರಲಿಲ್ಲ. ಇವರಿಗೆಲ್ಲ ಗೊತ್ತು. ಹಾಗಾದ್ರೆ ನನ್ನ ವರದಿ ಅರ್ಧ ತಪ್ಪು, ನಾನೇ ತಿದ್ದಿ ಬರೆದುಕೊಡ್ತೀನಿ." ಸ್ವಲ್ಪ ತಡೆದು, "ಹೊಲಿಗೆ ಯಾರದು? ಚೆನ್ನಾಗಿದೆ," ಎಂದರು.

ಮೇಡಂ ಸೂರಿನ ಕಡೆ ಕೈ ತೋರಿಸಿದಳು. ಅಕ್ಕ ಅಲ್ಲೇ ಕಂಬದ ಬಳಿ ಬರೆಯುವ ಹಲಗೆ ಹಿಡಿದು ನಿಂತಿದ್ದಳು.

ಗೆದ್ದ ಹಾಗೂ ಆಯಿತು, ಸೋತ ಹಾಗೂ ಆಯಿತು. ನಲವತ್ತು ಹೆಂಗಸರ ಹೆಸರು ತೊಳೆದಿತ್ತು, ಅದೂ ದೂರು ಕೊಟ್ಟವರ ಬಾಯಿಂದಲೇ. ಆದರೆ ಕೈಗೆ ಸಿಕ್ಕ ಕಳ್ಳ ಕೈಜಾರಿದ್ದ. ಆ ರಜೆ ದಿನ ಕೋಟಿನವರು ಬೇಕೆಂದೇ ಹತ್ತು ಕಳೆಯದೆ ಬಿಟ್ಟಿರಬಹುದೇ? ಅವಳು ಅದನ್ನೂ ತೂಗಿ ನೋಡಿದಳು. ಇಲ್ಲ. ಕೆಡಿಸಲೆಂದೇ ಕೆಡಿಸುವ ಇಪ್ಪತ್ತೆರಡು ವರ್ಷದ ಅಳತೆಗಾರ ಇಷ್ಟು ದಡ್ಡತನದಿಂದ ಕೆಡಿಸುವುದಿಲ್ಲ.

ಗಂಟೆ ಎರಡೂವರೆ. ಇಬ್ಬರಲ್ಲಿ ಇಬ್ಬರೂ ಅಲ್ಲ. ಮತ್ತೆ ಯಾರು?

ಆಗಲೇ ಕಚೇರಿಯ ಬಾಗಿಲಿನಿಂದ ನಿರ್ದೇಶಕರು ಬಂದರು. ಮಂತ್ರಿಗಳ ಕಚೇರಿಯಿಂದ ಬಂದ ಫೋನು ಅವರನ್ನು ಇಷ್ಟು ಹೊತ್ತು ಒಳಗೆ ಹಿಡಿದಿಟ್ಟಿತ್ತು. ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಕೋಟಿನವರು ಕೋಟಿಲ್ಲದೆ ನಗುತ್ತಿರುವುದನ್ನು ಕಂಡು ಅವರ ಮುಖವೂ ಅರಳಿತು.

"ನಮ್ಮೋರದು ತಪ್ಪಿಲ್ಲ ಅಂತಾಯ್ತೇನಮ್ಮಾ?"

"ಆಯ್ತು ಸರ್. ನಮ್ಮೋರು ಯಾರದೂ ತಪ್ಪಿಲ್ಲ."

ಅವರ ಕಣ್ಣು ತುಂಬಿಬಂತು. ತುಂಬದೆ ಏನು? ಒಂಬತ್ತು ವರ್ಷ ಈ ಕಚೇರಿಗಾಗಿ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ ಮನುಷ್ಯ. ಶುರುವಿನಲ್ಲಿ ಇದ್ದದ್ದು ಸೋರುವ ಎರಡು ಕೋಣೆ, ಒಂದು ಕಡ ತಂದ ಮೇಜು. ನಿಮ್ಮವರಿಂದ ಆಗುವ ಕೆಲಸವಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವರಿಗೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು: ನಮ್ಮ ಮರ, ನಮ್ಮ ಅಳತೆ, ನಮ್ಮ ಸಹಿ. ತಕ್ಕಡಿ ಮೇಡಂ ಹಳೆಯ ಇಲಾಖೆ ಬಿಟ್ಟು ಬಂದದ್ದು ಆ ಮೂರು ಮಾತಿಗೆ ಮನಸೋತು. ಅವರನ್ನು ನೋಡಿದಾಗೆಲ್ಲ, ದೊಡ್ಡ ಕುರ್ಚಿಯಲ್ಲಿ ಇಂಥವರೂ ಕೂರುತ್ತಾರಲ್ಲ ಎಂದು ಆಕೆಗೆ ಹೆಮ್ಮೆಯಾಗುತ್ತಿತ್ತು.

ನಿರ್ದೇಶಕರ ಕಣ್ಣು ಕೋಟಿನವರ ಕೈಯಲ್ಲಿದ್ದ ಟೇಪಿನ ಮೇಲೆ ಬಿತ್ತು.

"ಓ, ಇದು ನಮ್ಮ ಮೊದಲನೇ ಟೇಪು," ಎಂದು ಪರೀಕ್ಷಕರ ಕಡೆ ತಿರುಗಿ ಅವರ ಭಾಷೆಯಲ್ಲಿ ಸಡಗರದಿಂದ ವಿವರಿಸತೊಡಗಿದರು. ಇದರಲ್ಲೇ ತಮ್ಮವರು ಕಲಿತರು, ಇದೊಂದರಲ್ಲೇ ಎಂಟು ತಿಂಗಳು ಕೆಲಸ ನಡೆಯಿತು, ಬೇರೆ ಯಾವ ದೇಶದಲ್ಲಿ ಇಂಥ ಹಟ ಸಿಗುತ್ತದೆ ಎಂದೆಲ್ಲ. ಆಮೇಲೆ ಕೈ ಚಾಚಿದರು. "ಕೊಡಿ ಇಲ್ಲಿ. ಎಲ್ಲರೂ ಅಳೆದಿದ್ದೀರಿ, ನಾನೊಬ್ಬ ಯಾಕೆ ಬಾಕಿ?"

ಹೆಂಗಸರ ಸಾಲಿನಿಂದ ಚಪ್ಪಾಳೆ ಎದ್ದಿತು. ಕಡತಕ್ಕೆ ಸಹಿ ಹಾಕುವ ಸಾಹೇಬರು ಮರಕ್ಕೆ ಟೇಪು ಸುತ್ತುವುದನ್ನು ಅವರು ಯಾರೂ ನೋಡಿರಲಿಲ್ಲ.

ಬೆಟ್ಟದಲ್ಲಿ ಅಳೆಯಲು ಯಾವಾಗಲೂ ಇಬ್ಬರು. ಒಬ್ಬರು ಸುತ್ತಿ ಕೂಗಬೇಕು, ಇನ್ನೊಬ್ಬರು ಕೇಳಿದ್ದನ್ನು ಮತ್ತೆ ಜೋರಾಗಿ ಹೇಳಿ ಬರೆದುಕೊಳ್ಳಬೇಕು. ಅದರಂತೆ ಅಕ್ಕ ಕಂಬ ಬಿಟ್ಟು, ಹಲಗೆ ಹಿಡಿದು, ನಿರ್ದೇಶಕರ ಎಡಕ್ಕೆ ಬಂದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

ನಿರ್ದೇಶಕರು ಬೆಟ್ಟದಲ್ಲಿ ಅಳೆಯುವವರ ಹಾಗೆ, ಮರದ ಬುಡದ ನೆಲ ಎತ್ತರವಿರುವ ಬದಿಗೆ ಹೋಗಿ ನಿಂತರು. ಟೇಪನ್ನು ಒಂದೇ ಬೀಸಿಗೆ ಹಿಂದಿನಿಂದ ಸುತ್ತಿ ಹಿಡಿದರು. ಕೆಂಪು ಪಟ್ಟಿಯ ಮೇಲೆ ಸರಿಯಾಗಿ, ಎಲ್ಲೂ ತಿರುಚದೆ, ಎಲ್ಲೂ ಜೋಲದೆ.

ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದು ಮೇಡಂಗೆ ಮೊದಲು ಹೆಮ್ಮೆಯೇ ಆಯಿತು. ಆಮೇಲೆ, ಎಲ್ಲಿ ಕಲಿತರು ಎಂಬ ಪ್ರಶ್ನೆ ಬಂತು. ಇದು ಮೊದಲ ಸಲ ಟೇಪು ಹಿಡಿದ ಕೈಯಲ್ಲ.

"ಮರ ಒಂದು," ಎಂದು ನಿರ್ದೇಶಕರು ತಂಡದವರ ಧಾಟಿಯಲ್ಲೇ ಕೂಗಿದರು. "ನೂರ ಇಪ್ಪತ್ತೆರಡು."

ಪರೀಕ್ಷಕರಿಗೆ ಅವರ ಭಾಷೆಯಲ್ಲೂ ಅದನ್ನೇ ಹೇಳಿದರು, ಎದೆಯುಬ್ಬಿಸಿ.

ಸೂರಿನ ಕೆಳಗೆ ನಗೆ ಸ್ಫೋಟಿಸಿತು. "ಬೂಟು ಸರ್, ಬೂಟು," ಎಂದಳು ಬಸ್ಸಿನ ಟಿಕೆಟ್ ಹರಿಯುತ್ತಿದ್ದವಳು. "ನಲವತ್ತು ಜೊತೆ ಒರೆಸಬೇಕು ಸರ್." ಎಲ್ಲರೂ ಕೈತಟ್ಟಿ ನಕ್ಕರು. ಪಾಪ, ಅವರಿಗೇನು ಗೊತ್ತು? ಮನೆಯ ಹಿರಿಯರು ಮಕ್ಕಳಾಟದಲ್ಲಿ ಸೋತ ಹಾಗೆ ಅವರಿಗೆ ಖುಷಿಯೋ ಖುಷಿ. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಿರ್ದೇಶಕರೂ ನಕ್ಕರು.

ನಗದೆ ಇದ್ದವರು ನಾಲ್ಕು ಜನ. ಪರೀಕ್ಷಕರು, ಕೋಟಿನವರು, ಮೇಡಂ. ನಾಲ್ಕನೆಯವಳು ಅಕ್ಕ.

"ನೂರ ಇಪ್ಪತ್ತೆರಡು," ಎಂದು ಅಕ್ಕ ಜೋರಾಗಿ ತಿರುಗಿ ಹೇಳಿದಳು. ತಲೆ ಎತ್ತದೆ ಅದನ್ನೇ ಹಲಗೆಯ ಮೇಲೆ ಬರೆದಳು. ಹತ್ತಜ್ಜಿಯ ಉಂಗುರವನ್ನು ತನ್ನ ಕೈಯಾರೆ ಹೊಲಿದವಳು, ಹನ್ನೊಂದು ಜನರ ಕೈಲಿ ಬೂಟು ಒರೆಸಿಸಿದವಳು, ಒಂದು ಮಾತು ತಿದ್ದಲಿಲ್ಲ. ಪೆನ್ಸಿಲು ಎಲ್ಲೂ ತಡವರಿಸಲಿಲ್ಲ.

ಇಪ್ಪತ್ತು ಹೊಸ ಟೇಪುಗಳನ್ನು ದಾಟಿ ಹೋದ ಕೈ ಮೇಡಂಗೆ ನೆನಪಾಯಿತು. ಅಳತೆಯನ್ನೇ ಕೇಳಿ ಎಂದ ಮಾತು ನೆನಪಾಯಿತು. ಮಾಯವಾದ ಹಾಳೆಯ ಜಾಗ ತುಂಬಲು ಸಾಹೇಬರೇ ಗುಟ್ಟಾಗಿ ಅಳೆದು, ತಂಡದ ಅಳತೆಯೆಂದು ಸೇರಿಸಿದ್ದರು. ಆ ರಜೆ ದಿನ ಬೆಟ್ಟ ಹತ್ತಿದವರು ಒಬ್ಬರಲ್ಲ. ಅಳೆಯಲು ಯಾವಾಗಲೂ ಇಬ್ಬರು.

ಪರೀಕ್ಷಕರು ಆಕೆಯನ್ನೇ ನೋಡುತ್ತಿದ್ದರು. ಮಡಿಲಲ್ಲಿ ಪರವಾನಗಿಯ ಕಾಗದ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಸರಿಯೇ, ಎಂದು ಹುಬ್ಬನ್ನಷ್ಟೇ ಏರಿಸಿದರು.

ಸುಮ್ಮನಿದ್ದುಬಿಡಬಹುದಿತ್ತು. ಗೊತ್ತಿಲ್ಲದವರು ಯಾರಾದರೂ ಮಾಡುವ ತಪ್ಪು, ಸಾಹೇಬರಿಗೆ ಟೇಪಿನ ಅಭ್ಯಾಸವಿಲ್ಲ ಎಂದು ನಕ್ಕು ತೇಲಿಸಿಬಿಡಬಹುದಿತ್ತು. ಹೆಂಗಸರ ಹೆಸರು ಹೇಗೂ ತೊಳೆದಾಗಿದೆ. ಸಹಿಗೆ ಇನ್ನು ಅರ್ಧ ಗಂಟೆ. ಒಂಬತ್ತು ವರ್ಷ ಚಪ್ಪಲಿ ಸವೆಸಿದ ಮನುಷ್ಯ ಎದುರಿಗೆ ಮಗುವಿನ ಹಾಗೆ ನಗುತ್ತಾ ನಿಂತಿದ್ದಾರೆ. ಆಕೆಗೆ ಅಳು ಬರುವಷ್ಟು ಸಂಕಟವಾಯಿತು.

ಅತ್ತೆಯ ತಮ್ಮನ ಅಂಗಡಿ ಕಣ್ಣ ಮುಂದೆ ಬಂತು. ಆ ದಿನವೂ ಹೀಗೇ, ಎಲ್ಲರೂ ನಗುತ್ತಾ ಇದ್ದರು. ಆದರೂ ತಕ್ಕಡಿಯನ್ನು ಕೆಳಗಿಳಿಸಿದ್ದಳು. ಸುಳ್ಳು ತಕ್ಕಡಿಗೆ ಮುದ್ರೆ ಒತ್ತಿದ ಕೈ ಇದಲ್ಲ ಎಂದು ಅತ್ತೆ ಈಗಲೂ ಬೀದಿಯವರಿಗೆ ಹೇಳುತ್ತಾರೆ.

"ಹತ್ತು ಕಳೀಬೇಕು ಸರ್," ಎಂದಳು.

"ಯಾವ ಹತ್ತಮ್ಮಾ?"

ಆಕೆ ಹತ್ತಿರ ಹೋಗಿ ಟೇಪಿನ ತುದಿಯನ್ನು ಅವರ ಅಂಗೈಯಲ್ಲಿಟ್ಟಳು. ಹಿತ್ತಾಳೆಯ ಉಂಗುರ, ಗಾಳದ ದಾರ, ಅದರ ಕೆಳಗೆ ಹತ್ತು ಎಂಬ ಕಪ್ಪು ಗುರುತು.

ನಿರ್ದೇಶಕರು ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಗೆ ಅವರ ಮುಖದಿಂದ ಒಂದೇ ಸಲ ಹೋಗಲಿಲ್ಲ. ಮೊದಲು ಕಣ್ಣಿನಿಂದ, ಆಮೇಲೆ ತುಟಿಯಿಂದ ಇಳಿಯಿತು. ಸೂರಿನ ಕೆಳಗೂ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಇಪ್ಪತ್ತಮೂರು ಮರಕ್ಕೂ ಹತ್ತು ಹತ್ತು ಜಾಸ್ತಿ ಎಂಬುದು ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಇದ್ದ ಮಾತು.

ಪರೀಕ್ಷಕರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ನಿರ್ದೇಶಕರು ಮೇಡಂ ಕಡೆ ನೋಡಲಿಲ್ಲ. ನಿಧಾನವಾಗಿ ಎಡಕ್ಕೆ ತಿರುಗಿದರು.

"ಅವತ್ತು ನೀನು ಹೇಳಲೇ ಇಲ್ವಲ್ಲಮ್ಮಾ," ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಮಿಲ್ಲಿನ ಅಕ್ಕ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಹಲಗೆಯನ್ನು ಎದೆಗೆ ಒತ್ತಿಕೊಂಡು, ಈ ಮೂರು ವಾರದಲ್ಲಿ ಮೊದಲ ಸಲ, ನಿರ್ದೇಶಕರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಹೇಳಿದ್ದಿದ್ರೆ ಇವತ್ತು ಯಾರಿಗೂ ಗೊತ್ತಾಗ್ತಿರಲಿಲ್ಲ ಸರ್."